ಗುಳಿಗಿ ಸಿಗದ ಮೂರು ತಿಂಗಳು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ)



ಮುಂಬಯಿಯ ಆಸ್ಪತ್ರೆಯೊಂದರಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಡಾಕ್ಟರರು ಬರೆದುಕೊಡುವ ಚೀಟಿಯ ಆಚೆಗಿನ ಕೆಲಸ ನಮ್ಮದು. ರೋಗಿಯ ಮನೆಯ ಪರಿಸ್ಥಿತಿ ವಿಚಾರಿಸುವುದು, ದುಡ್ಡಿಲ್ಲದವರಿಗಾಗಿ ಟ್ರಸ್ಟುಗಳ ಬಾಗಿಲು ತಟ್ಟುವುದು, ಮತ್ತು ಕನ್ನಡ ಬಿಟ್ಟು ಬೇರೆ ಭಾಷೆ ಬಾರದವರು ಬಂದಾಗ ದುಭಾಷಿಯಾಗಿ ನಿಲ್ಲುವುದು. ಮಾನಸಿಕ ಆರೋಗ್ಯದ ಬಗ್ಗೆ ಮಾತಾಡಿ ಎಂದು ಕಾರ್ಯಕ್ರಮದವರು ಕರೆದಾಗ, ಮನಸ್ಸನ್ನು ಪ್ರಶಾಂತವಾಗಿಟ್ಟುಕೊಳ್ಳಿ, ಬೆಳಗ್ಗೆ ಎದ್ದು ವಾಯುವಿಹಾರ ಮಾಡಿ ಎಂದೆಲ್ಲ ಹೇಳಬಹುದಿತ್ತು. ಹಾಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ದುಡ್ಡಿನ ಮಾತು ಆಡುತ್ತೇನೆ. ಸರ್ಕಾರದ ದುಡ್ಡು, ಅಂದರೆ ನಮ್ಮ ನಿಮ್ಮ ದುಡ್ಡು.

ಕೆಲವು ವರ್ಷಗಳ ಹಿಂದಿನ ಸಂಗತಿ. ಉತ್ತರ ಕರ್ನಾಟಕದ ಒಂದು ಹಳ್ಳಿಯಿಂದ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಆಸ್ಪತ್ರೆಗೆ ಬಂದರು. ಮಗ ಹಿಂದೆ ಇಲ್ಲೇ ವಾಶಿಯ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದವನು. ಇಪ್ಪತ್ತನಾಲ್ಕರ ಹರೆಯದಲ್ಲಿ ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸತೊಡಗಿತು. ಊಟದಲ್ಲಿ ಏನೋ ಬೆರೆಸಿದ್ದಾರೆಂದು ತಟ್ಟೆ ದೂಡುತ್ತಿದ್ದ. ಜೊತೆಗಾರರು ಊರಿಗೆ ಮುಟ್ಟಿಸಿದರು. ಅಲ್ಲಿ ಹರಕೆ, ತಾಯಿತ, ಅಂತ್ರ ಎಲ್ಲ ಮುಗಿದ ಮೇಲೆ ಸರ್ಕಾರಿ ಆಸ್ಪತ್ರೆಗೆ ಹೋದರು. ಅದು ಸ್ಕಿಜೋಫ್ರೇನಿಯಾ ಎಂಬ ಕಾಯಿಲೆ, ಮಾತ್ರೆ ತಪ್ಪಿಸಬೇಡಿ ಎಂದರಂತೆ. ಎರಡು ವರ್ಷ ತಪ್ಪಿಸಲೂ ಇಲ್ಲ.

"ಅಕ್ಕಾರ, ಗುಳಿಗಿ ನುಂಗುವಾಗ ಇಂವ ಹೊಲಕ್ಕ ಹೋಗ್ತಿದ್ದ, ತಂಗಿ ಮದುವ್ಯಾಗ ನಿಂತು ಎಲ್ಲಾರಿಗೂ ಊಟಕ್ಕ ಬಡಿಸ್ಯಾನ್ರಿ. ಆಮ್ಯಾಲ ಹೋದಾಗೊಮ್ಮೆ ಗುಳಿಗಿ ಬಂದಿಲ್ಲ, ಮುಂದಿನ ತಿಂಗಳ ಬರ್ರಿ ಅಂದ್ರು. ಮೂರು ತಿಂಗಳ ಹಂಗ ಹೋತ್ರಿ" ಎಂದರು ಆ ತಾಯಿ. ಸಿಟ್ಟಿನ ದನಿಯೇನಲ್ಲ. ಮಳೆ ಬರಲಿಲ್ಲ ಎಂದು ಹೇಳುವ ಹಾಗೆ ಹೇಳಿದರು.

ಕೆಲವೇ ರೂಪಾಯಿ ಬೆಲೆಯ ಮಾತ್ರೆ ಅದು. ಅದು ಸಿಗದ ಮೂರು ತಿಂಗಳಿಗೆ ಆ ಮನೆ ತೆತ್ತದ್ದು ಎಷ್ಟು? ಮಗ ಮತ್ತೆ ಊಟ ಬಿಟ್ಟ, ಒಂದು ರಾತ್ರಿ ಮನೆಬಿಟ್ಟು ಹೋದ, ಹುಡುಕಲು ಅಣ್ಣ ಕೆಲಸ ಬಿಟ್ಟ. ಬಸ್ಸಿನ ಖರ್ಚು, ಇಲ್ಲಿ ಸಂಬಂಧಿಕರ ಖೋಲಿಯಲ್ಲಿ ವಾಸ, ಐದು ವಾರ ವಾರ್ಡಿನಲ್ಲಿ. ಸರ್ಕಾರಕ್ಕಾದರೂ ಲಾಭವಾಯಿತೇ? ಆ ಐದು ವಾರಗಳ ಹಾಸಿಗೆ, ಊಟ, ನರ್ಸಿನ ಪಾಳಿ ಎಲ್ಲ ಸೇರಿಸಿದರೆ ಎಷ್ಟೋ ವರ್ಷಗಳ ಮಾತ್ರೆ ಬರುತ್ತಿತ್ತು.

ಇನ್ನೊಂದು ಮಾತು. ನಮ್ಮ ಎಳೆಯ ಡಾಕ್ಟರು ಹಿಂದಿಯಲ್ಲಿ ಕೇಳಿದಾಗ ಹುಡುಗ, "ತಲ್ಯಾಗ ಗದ್ಲ ಆಗ್ತದ್ರಿ" ಎಂದ. ಡಾಕ್ಟರು ತಲೆ ಎಂಬುದನ್ನು ಹೇಗೋ ಊಹಿಸಿ 'ತಲೆನೋವು' ಎಂದು ಬರೆದುಕೊಂಡರು. ಪಕ್ಕದಲ್ಲಿ ನಾನಿದ್ದೆ, ಸರಿಪಡಿಸಿದೆ. ನಾನಿಲ್ಲದ ದಿನಗಳಲ್ಲಿ ಎಷ್ಟು ಜನರ ಗದ್ದಲ ತಲೆನೋವಾಗಿ ಹೋಗಿದೆಯೋ! ಮಧುಮೇಹಕ್ಕೆ ರಕ್ತ ಮಾತಾಡುತ್ತದೆ, ಮುರಿದ ಮೂಳೆಗೆ ಎಕ್ಸ್‌ರೇ ಮಾತಾಡುತ್ತದೆ. ಮನಸ್ಸಿನ ಕಾಯಿಲೆಗೆ ರೋಗಿಯ ಮಾತೇ ಮುಖ್ಯ ಸಾಕ್ಷಿ. ಅದಕ್ಕೇ ಈ ಚಿಕಿತ್ಸೆ ಅವನ ಊರಿನ ಹತ್ತಿರ, ಅವನ ಭಾಷೆಯಲ್ಲಿ, ಅವನ ಮನೆಯವರು ಬಂದು ಕೂರಬಹುದಾದ ಜಾಗದಲ್ಲಿ ಸಿಗಬೇಕು ಎನ್ನುವುದು. ಇದನ್ನೇ ಸಮುದಾಯ ಆಧಾರಿತ ಸೇವೆ ಎಂದು ಕರೆಯುತ್ತಾರೆ. ಹೆಸರು ದೊಡ್ಡದು, ವಿಷಯ ಇಷ್ಟೇ.

ಇದು ಪರದೇಶದಿಂದ ಬಂದ ಹೊಸ ಆಲೋಚನೆಯೇನೂ ಅಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಮನೆಯವರೇ ಆರೈಕೆ ಕಲಿತರು, ರೋಗಿಗಳು ಬೇಗ ಮನೆಗೆ ಹೋದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1975ರಲ್ಲಿ ಸಮುದಾಯ ಮನೋವೈದ್ಯ ವಿಭಾಗವನ್ನು ತೆರೆದು, ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಹಳ್ಳಿ ಕೇಂದ್ರ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಎಷ್ಟೋ ಕಾಯಿಲೆಗಳನ್ನು ಅಲ್ಲೇ ನೋಡಿಕೊಳ್ಳಬಹುದೆಂದು ತೋರಿಸಿಕೊಟ್ಟಿತು. 1980ರ ದಶಕದಲ್ಲಿ ಅದನ್ನೇ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದರು. ತರಬೇತಾದ ವೈದ್ಯರು, ಜಿಲ್ಲಾಸ್ಪತ್ರೆಯಲ್ಲೊಬ್ಬ ಮನೋವೈದ್ಯರು, ಅಗತ್ಯ ಔಷಧಿಗಳ ಪೂರೈಕೆ, ತಿಂಗಳಿಗೊಮ್ಮೆ ಲೆಕ್ಕ ನೋಡುವ ಸಭೆ. ಆ 'ಬಳ್ಳಾರಿ ಮಾದರಿ'ಯೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ. ಮೊದಲು ನಾಲ್ಕೇ ಜಿಲ್ಲೆ, ಈಗ ದೇಶದ 767 ಜಿಲ್ಲೆಗಳಿಗೆ ಮಂಜೂರಾಗಿದೆ. ಮಲೆನಾಡಿನ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಈ ಶತಮಾನದ ಆರಂಭದ ವರ್ಷಗಳಿಂದ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನು ಅವರ ಊರಿನಲ್ಲೇ ಹುಡುಕಿ ಚಿಕಿತ್ಸೆ ಕೊಟ್ಟರು. ಔಷಧಿ ತೆಗೆದುಕೊಂಡವರು ತಮ್ಮ ದಿನನಿತ್ಯದ ಕೆಲಸಗಳಿಗೆ ಎಷ್ಟು ಮರಳಿದರು, ತೆಗೆದುಕೊಳ್ಳದವರು ಎಷ್ಟು ಹಿಂದುಳಿದರು ಎಂಬುದನ್ನು ಅಲ್ಲಿನ ಅಧ್ಯಯನಗಳು ದಾಖಲಿಸಿವೆ.

ದಾರಿ ಗೊತ್ತಿದೆ ಎಂದಾಯಿತು. ಹಾಗಾದರೆ ಆ ತಾಯಿಗೆ ಗುಳಿಗಿ ಏಕೆ ಸಿಗಲಿಲ್ಲ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮನ್ನು ಬಿಡುವಿದ್ದಾಗ ಓದಿ. ಅಗತ್ಯ ಔಷಧಿ ಪಟ್ಟಿಯಲ್ಲಿರುವ ಎಲ್ಲ ಮದ್ದುಗಳೂ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲಿ, ಎಲ್ಲ ಕಾಲದಲ್ಲೂ, ಪುಕ್ಕಟೆಯಾಗಿ ಸಿಗಬೇಕು ಎಂದಿದೆ. ಎಲ್ಲ ಕಾಲದಲ್ಲೂ! ತಮ್ಮ ಜಿಲ್ಲೆಯಲ್ಲಿ ಕನಿಷ್ಠ ಸೇವೆಯೂ ಇಲ್ಲದಿದ್ದರೆ ಅದೇ ಜಿಲ್ಲೆಯ ಬೇರೆ ಕಡೆ ಪಡೆದ ಚಿಕಿತ್ಸೆಯ ಖರ್ಚನ್ನು ಸರ್ಕಾರವೇ ಭರಿಸಬೇಕು ಎಂದೂ ಇದೆ. ಇಷ್ಟು ಒಳ್ಳೆಯ ಕಾನೂನು ಬರೆದವರನ್ನು ಮೆಚ್ಚಲೇಬೇಕು. ಆದರೆ ಕಾನೂನು ಬರೆಯುವ ಕೋಣೆ ಒಂದು, ಬಜೆಟ್ ಬರೆಯುವ ಕೋಣೆ ಇನ್ನೊಂದು.

2024-25ರ ಕೇಂದ್ರ ಬಜೆಟ್ಟಿನಲ್ಲಿ ಆರೋಗ್ಯ ಸಚಿವಾಲಯಕ್ಕೆ ಸುಮಾರು 90 ಸಾವಿರ ಕೋಟಿ ರೂಪಾಯಿ. ಮಾನಸಿಕ ಆರೋಗ್ಯಕ್ಕೆಂದೇ ಹೆಸರಿಸಿದ್ದು ಸುಮಾರು ಒಂದು ಸಾವಿರ ಕೋಟಿ, ಶೇಕಡ ಒಂದರ ಆಸುಪಾಸು. ಅದರಲ್ಲೂ 850 ಕೋಟಿ ನಿಮ್ಹಾನ್ಸ್ ಒಂದಕ್ಕೇ. ನಿಮ್ಹಾನ್ಸ್‌ಗೆ ಕೊಟ್ಟದ್ದು ಹೆಚ್ಚಾಯಿತೆಂದು ನಾನು ಹೇಳಲಾರೆ. ಅಲ್ಲಿ ದೇಶದ ನಾನಾ ಭಾಗದ ಜನ ಸಾಲುಗಟ್ಟಿ ನಿಲ್ಲುತ್ತಾರೆ, ಅದು ನಮ್ಮ ಹೆಮ್ಮೆ. ಆದರೆ ಊರಿನಲ್ಲಿ ಗುಳಿಗಿ ಸಿಕ್ಕಿದ್ದರೆ ಆ ಸಾಲಿನಲ್ಲಿ ಎಷ್ಟೋ ಜನ ಇರುತ್ತಿರಲಿಲ್ಲ.

ಜಿಲ್ಲೆಗೆ ಎಷ್ಟು? 12ನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಒಂದು ಜಿಲ್ಲೆಯ ಕಾರ್ಯಕ್ರಮಕ್ಕೆ ವರ್ಷಕ್ಕೆ ಗರಿಷ್ಠ 83 ಲಕ್ಷ 20 ಸಾವಿರ ರೂಪಾಯಿ ನೆರವು ಎಂದು ನಿಗದಿಯಾಯಿತು. ಇಪ್ಪತ್ತು ಲಕ್ಷ ಜನರಿರುವ ಜಿಲ್ಲೆ ಎಂದಿಟ್ಟುಕೊಳ್ಳಿ. ತಲೆಗೆ ನಾಲ್ಕು ರೂಪಾಯಿ ಚಿಲ್ಲರೆ, ಅದೂ ಇಡೀ ವರ್ಷಕ್ಕೆ. ನಮ್ಮ ಮುಂಬಯಿಯಲ್ಲಿ ಒಂದು ಕಟಿಂಗ್ ಚಹಾಕ್ಕೂ ಸಾಲದು. ಅದರಲ್ಲೇ ವೈದ್ಯರ ಸಂಬಳ, ನರ್ಸು, ಸಮಾಜ ಕಾರ್ಯಕರ್ತರು, ಓಡಾಟ, ತರಬೇತಿ, ಔಷಧಿ.

ಇನ್ನೊಂದು ಕಡೆ ಜನ ತಾವೇ ಎಷ್ಟು ಕೊಡುತ್ತಿದ್ದಾರೆ ನೋಡಿ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇಕಡ 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆಯನ್ನು ಅನುಸರಿಸಿ ಶೇಕಡ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಮುಟ್ಟಿರಲಿಲ್ಲ. ಚಿಕಿತ್ಸೆ ಪಡೆಯುತ್ತಿದ್ದ ಮನೆಗಳು ತಿಂಗಳಿಗೆ ಸಾವಿರದಿಂದ ಒಂದೂವರೆ ಸಾವಿರ ರೂಪಾಯಿ ಖರ್ಚು ಮಾಡುತ್ತಿದ್ದವು, ಮುಖ್ಯವಾಗಿ ಚಿಕಿತ್ಸೆಗೆ ಮತ್ತು ಓಡಾಟಕ್ಕೆ. ಓಡಾಟಕ್ಕೆ ಎಂಬುದನ್ನು ಗಮನಿಸಿ. ಬಸ್ಸಿನ ಟಿಕೇಟಿಗೆ ಕೊಟ್ಟ ದುಡ್ಡಿನಿಂದ ಯಾವ ರೋಗವೂ ವಾಸಿಯಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನಮ್ಮ ಸಂಘದ ಸಭೆಯಲ್ಲೂ ಹಿರಿಯರೊಬ್ಬರು ಎತ್ತಿದರು: "ಕೊಟ್ಟ ದುಡ್ಡನ್ನೇ ಇಲಾಖೆಯವರು ಖರ್ಚು ಮಾಡುವುದಿಲ್ಲವಲ್ಲ, ಇನ್ನೂ ಕೊಡಿ ಎಂದು ಏಕೆ ಕೇಳುತ್ತೀರಿ?" ಪ್ರಶ್ನೆ ನ್ಯಾಯವಾದದ್ದೇ. ಹಣ ಉಳಿದು ವಾಪಸು ಹೋದದ್ದು ನಿಜ. ಆದರೆ ಏಕೆ ಉಳಿಯುತ್ತದೆ? ಹುದ್ದೆ ಖಾಲಿ ಇದ್ದರೆ ಸಂಬಳದ ಹಣ ಉಳಿಯುತ್ತದೆ. ಹುದ್ದೆ ಏಕೆ ಖಾಲಿ? ಗುತ್ತಿಗೆಯ ಕೆಲಸ, ವರ್ಷಕ್ಕೊಮ್ಮೆ ನವೀಕರಣ, ತಡವಾಗಿ ಬರುವ ಸಂಬಳ. ಓದಿದ ಹುಡುಗಿಯೊಬ್ಬಳು ಅಲ್ಲಿ ಎಷ್ಟು ದಿನ ಇರುತ್ತಾಳೆ? ಖಾಸಗಿ ಆಸ್ಪತ್ರೆಯವರು ಕರೆದರೆ ಹೋಗುತ್ತಾಳೆ, ತಪ್ಪಿಲ್ಲ. ದೇಶದಲ್ಲಿ ಲಕ್ಷ ಜನಕ್ಕೆ ಇರುವ ಮನೋವೈದ್ಯರು 0.75, ಅಂದರೆ ಮುಕ್ಕಾಲು ವೈದ್ಯ. ಮೂವರಾದರೂ ಬೇಕು ಎನ್ನುತ್ತಾರೆ ಬಲ್ಲವರು. ನಾಳೆ ಬೆಳಗಾಗುವುದರೊಳಗೆ ಅಷ್ಟು ಮನೋವೈದ್ಯರು ಹುಟ್ಟಿಬರುವುದಿಲ್ಲ. ಹಾಗಿರುವಾಗ ನರ್ಸುಗಳು, ಸಮಾಜ ಕಾರ್ಯಕರ್ತರು, ಆಶಾ ಕಾರ್ಯಕರ್ತೆಯರೇ ಈ ಸೇವೆಯ ಕೈಕಾಲು. ಅವರಿಗೆ ಖಾಯಂ ಕೆಲಸ ಮತ್ತು ಮರ್ಯಾದೆಯ ಸಂಬಳ ಕೊಡದೆ, ಹಣ ಖರ್ಚಾಗಲಿಲ್ಲ ಎಂದು ಬಜೆಟ್ ಕತ್ತರಿಸುವುದು, ಎತ್ತಿಗೆ ಮೇವು ಹಾಕದೆ ಅದು ಉಳಲಿಲ್ಲ ಎಂದು ಬಡಿದ ಹಾಗೆ.

ಸುಧಾರಣೆ ಆಗಿಯೇ ಇಲ್ಲ ಎಂದರೆ ಅನ್ಯಾಯವಾದೀತು. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ದಿನ ಮನೋವೈದ್ಯರು ಬರುವ ಏರ್ಪಾಡಾಯಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಆರಂಭವಾಯಿತು, ಸಂಖ್ಯೆ 14416, ಕನ್ನಡವೂ ಅದರ ಭಾಷೆಗಳಲ್ಲೊಂದು. ಮನಸ್ಸು ತೀರಾ ಕುಗ್ಗಿದೆ, ಬದುಕು ಬೇಡ ಅನಿಸುತ್ತಿದೆ ಎನ್ನುವವರು ಮನೆಯಲ್ಲಿದ್ದರೆ ಈ ಸಂಖ್ಯೆಯನ್ನು ಈಗಲೇ ಬರೆದಿಟ್ಟುಕೊಳ್ಳಿ, ಮತ್ತೆ ಹೇಳುತ್ತೇನೆ, 14416. ಒಳ್ಳೆಯ ಸೇವೆ. ಆದರೆ ಫೋನಿನಲ್ಲಿ ಗುಳಿಗಿ ಬರುವುದಿಲ್ಲ.

ಹತ್ತಿರದಲ್ಲಿ ಏನೂ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಏರ್ವಾಡಿ ಇದೆ. 2001ರ ಆಗಸ್ಟ್ 6ರಂದು ಅಲ್ಲಿನ ಒಂದು ಆಶ್ರಯದ ಚಪ್ಪರಕ್ಕೆ ಬೆಂಕಿ ಬಿದ್ದು 28 ಜನ ತೀರಿಕೊಂಡರು. ಸರಪಳಿ ಬಿಗಿದಿದ್ದರಿಂದ ಓಡಲಾಗಲಿಲ್ಲ. ಮನೆಯವರು ಕಲ್ಲು ಮನಸ್ಸಿನವರು ಎಂದು ಆಗ ಬಹಳ ಜನ ಬೈದರು. ನನ್ನ ಅನುಭವದಲ್ಲಿ ಕಲ್ಲು ಮನಸ್ಸಿನವರು ಅಪರೂಪ, ಸೋತುಹೋದವರೇ ಹೆಚ್ಚು.

ಮುಂಬಯಿಯಲ್ಲಿ ಕುಳಿತ ನಾವು ಮಾಡುವುದೇನು ಎಂದು ನೀವು ಕೇಳಬಹುದು. ನಾವು ಊರಿಗೆ ಹೋಗುತ್ತೇವಲ್ಲ, ಜಾತ್ರೆಗೆ, ದೀಪಾವಳಿಗೆ, ಮಕ್ಕಳ ರಜೆಗೆ. ಊರಿನ ಶಾಲೆಗೆ ಗಂಟೆ, ಗುಡಿಗೆ ಬಾಗಿಲು ಮಾಡಿಸಿಕೊಟ್ಟವರು ನಮ್ಮಲ್ಲಿ ಎಷ್ಟೋ ಜನ. ಅವರ ಮಾತಿಗೆ ಊರಲ್ಲಿ ಬೆಲೆಯಿದೆ. ಮುಂದಿನ ಸಲ ತಾಲ್ಲೂಕು ಆಸ್ಪತ್ರೆಗೆ ಒಮ್ಮೆ ಹೋಗಿ, ಮನೋವೈದ್ಯರು ಯಾವ ದಿನ ಬರುತ್ತಾರೆ, ಮಾತ್ರೆ ದಾಸ್ತಾನಿದೆಯೇ, ಹಿಂದಿನ ಆರು ತಿಂಗಳಲ್ಲಿ ಎಷ್ಟು ದಿನ ಇರಲಿಲ್ಲ ಎಂದು ವಿಚಾರಿಸಿ. ಬಾಯಿಮಾತಿಗೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಆ ಉತ್ತರದ ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಶಾಸಕರಿಗೂ ಕಳಿಸಿ. ರಸ್ತೆಗೆ, ಸಮುದಾಯ ಭವನಕ್ಕೆ ಅರ್ಜಿ ಕೊಡುವವರು ದಿನಾ ಬರುತ್ತಾರೆ. ಹುಚ್ಚಿನ ಮಾತ್ರೆಗೆ ಅರ್ಜಿ ಹಿಡಿದು ಬರುವವರಿಲ್ಲ, ನಾಚಿಕೆ. ಕೇಳುವವರಿಲ್ಲದ್ದಕ್ಕೇ ಈ ಬಾಬ್ತಿಗೆ ಕತ್ತರಿ ಬೀಳುವುದು. ಇಲ್ಲಿಯೂ ಅಷ್ಟೆ, ನಗರಸೇವಕರ ಹತ್ತಿರ ನೀರು, ಗಟಾರದ ಜೊತೆಗೆ ಇದನ್ನೂ ಕೇಳಿ: ನಮ್ಮ ವಾರ್ಡಿನ ದವಾಖಾನೆಯಲ್ಲಿ ಮನಸ್ಸಿನ ಕಾಯಿಲೆ ನೋಡುವವರು ಯಾವ ದಿನ ಇರುತ್ತಾರೆ?

ಆ ಹುಡುಗ ಈಗ ಊರಿನಲ್ಲಿದ್ದಾನೆ, ಹೊಲದ ಕೆಲಸ ಮಾಡುತ್ತಾನೆ. ಅವನ ತಾಯಿ ತಿಂಗಳಿಗೊಮ್ಮೆ ನನಗೆ ಫೋನು ಮಾಡುತ್ತಾರೆ. ಹೆಚ್ಚಿನ ತಿಂಗಳು, "ಬಂದಾವ್ರಿ ಅಕ್ಕಾರ" ಎನ್ನುತ್ತಾರೆ. ಬಂದಿಲ್ಲ ಎಂದ ದಿನ ನಾನು ಇಲ್ಲಿಯ ಅಂಗಡಿಯಿಂದ ಚೀಟಿಯ ಪ್ರಕಾರ ತಿಂಗಳ ಮಾತ್ರೆ ಕೊಂಡು, ರಾತ್ರಿ ಅವರ ಊರ ಕಡೆ ಹೊರಡುವ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡುತ್ತೇನೆ. ಬೆಳಗ್ಗೆ ಅವರಣ್ಣ ಹೆದ್ದಾರಿಯ ಕ್ರಾಸಿನಲ್ಲಿ ಸೈಕಲ್ ಹಿಡಿದು ಕಾಯುತ್ತಿರುತ್ತಾನೆ.