ಅಪ್ಪನ ಗದ್ದದ ಕೆಳಗಿನ ಊತ

ನಮ್ಮಪ್ಪ ಲಾರಿ ಡ್ರೈವರ್. ರಾತ್ರಿ ನಿದ್ದೆ ಬರಬಾರದು ಅಂತ ಗುಟ್ಕಾ ಹಾಕ್ತಿದ್ರು. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಯ್ತು. ಅಂಗಡಿಯವರು ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಕೊಟ್ರು, ಅಪ್ಪ ಎರಡನ್ನೂ ಬೆರೆಸಿಕೊಂಡ್ರು. ಆ ಕಥೆ ಇವತ್ತು ಬೇಡ. ಕ್ಯಾನ್ಸರ್ ಹೋದ ಮೇಲೆ ಏನಾಯ್ತು ಅನ್ನೋದನ್ನ ಹೇಳ್ತೀನಿ.

ಕೆನ್ನೆಯ ಆಪರೇಷನ್ ಆಯ್ತು, ಕತ್ತಿನ ಲಿಂಫ್ ಗ್ರಂಥಿಗಳನ್ನೂ ತೆಗೆದ್ರು, ಆಮೇಲೆ ರೇಡಿಯೇಷನ್. ಎರಡು ತಿಂಗಳಿಗೆ ಗದ್ದದ ಕೆಳಗೆ ಊತ ಶುರುವಾಯ್ತು. ಬೆಳಗ್ಗೆ ಎದ್ದಾಗಂತೂ ಮುಖದ ಗುರುತೇ ಸಿಗ್ತಿರಲಿಲ್ಲ. ಅಂಗಿಯ ಮೇಲಿನ ಗುಂಡಿ ಹಾಕೋಕಾಗ್ತಿರಲಿಲ್ಲ. ಮನೇಲಿ ಯಾರೂ ಬಾಯಿ ಬಿಡಲಿಲ್ಲ, ಆದ್ರೆ ಎಲ್ಲರ ತಲೆಯಲ್ಲೂ ಒಂದೇ: ವಾಪಸ್ ಬಂತು. ಅತ್ತೆ ಹರಳೆಣ್ಣೆ ಬಿಸಿ ಮಾಡಿ ಗಸಗಸ ತಿಕ್ಕಿದ್ರು. ಊತ ಇನ್ನೂ ಜಾಸ್ತಿಯಾಯ್ತು.

ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಇರಲಿಲ್ಲ. 'ಇದು ಇರೋದೇ, ಅಭ್ಯಾಸ ಮಾಡ್ಕೊಳ್ಳಿ' ಅಂದ್ರು ಅಲ್ಲಿ. ನನಗೆ ಈಗಲೂ ಸಿಟ್ಟು ಬರೋದು ಆ ಮಾತಿಗೆ. ಬೇರೆ ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಅದಕ್ಕೊಂದು ಹೆಸರು ಹೇಳಿದ್ರು: ಲಿಂಫೆಡಿಮಾ. ಅಂಗಾಂಶಗಳಲ್ಲಿ ಉಳಿಯೋ ನೀರನ್ನ ಲಿಂಫ್ ನಾಳಗಳು ವಾಪಸ್ ರಕ್ತಕ್ಕೆ ಸೇರಿಸ್ತವೆ. ಗ್ರಂಥಿ ತೆಗೆದು, ರೇಡಿಯೇಷನ್‌ನಿಂದ ಕಲೆಗಟ್ಟಿದ ಮೇಲೆ ದಾರಿ ಮುಚ್ಚುತ್ತೆ, ನೀರು ಅಲ್ಲೇ ನಿಲ್ಲುತ್ತೆ. ರಾತ್ರಿ ಮಲಗಿದಾಗ ಕೆಳಕ್ಕೆ ಇಳಿಯಲ್ಲ, ಅದಕ್ಕೇ ಬೆಳಗ್ಗೆ ಹೆಚ್ಚು.

ಅವರು ಕತ್ತನ್ನ ಮೊದಲು ಮುಟ್ಟಲೇ ಇಲ್ಲ! ಹೊಟ್ಟೆಯಿಂದ ದೀರ್ಘ ಉಸಿರು, ಆಮೇಲೆ ಕಂಕುಳು. ಮೋರಿ ಕಟ್ಟಿದ್ರೆ ಕೆಳಗಿನ ಕಡೆಯಿಂದ ತಾನೇ ಬಿಡಿಸೋದು? ಕೊನೆಗೆ ಗದ್ದ, ಅದೂ ಚರ್ಮವನ್ನಷ್ಟೇ ಮೆಲ್ಲಗೆ ಸರಿಸೋದು. ಅಪ್ಪ ನನ್ನ ಕಿವೀಲಿ, 'ಇಷ್ಟಕ್ಕೆ ಫೀಸಾ?' ಅಂದ್ರು. ಆ ನಾಳಗಳು ಚರ್ಮದ ಕೆಳಗೇ ಇರ್ತವೆ, ಜೋರಾಗಿ ಒತ್ತಿದ್ರೆ ಮುಚ್ಚಿಹೋಗ್ತವೆ ಅಂತ ಮೇಡಂ ವಿವರಿಸಿದ್ರು. 1930ರ ದಶಕದಲ್ಲಿ ಡೆನ್ಮಾರ್ಕ್‌ನ ವೊಡ್ಡರ್ ದಂಪತಿ ಫ್ರಾನ್ಸ್‌ನಲ್ಲಿದ್ದಾಗ ರೂಪಿಸಿದ ವಿಧಾನವಂತೆ ಇದು.

ಜೊತೆಗೆ ಕತ್ತು ತಿರುಗಿಸೋದು, ಬಾಯಿ ತೆರೆಯೋದು, ಗದ್ದಕ್ಕೆ ಅಳತೆಯ ಪಟ್ಟಿ, ಮಲಗುವಾಗ ತಲೆ ಎತ್ತರ. ನನ್ನ ಕೆಲಸ ಪ್ರತಿ ಭಾನುವಾರ ಬೆಳಗ್ಗೆ ಒಂದು ಫೋಟೋ. ಹತ್ತನೇ ಫೋಟೋದಲ್ಲಿ ಮೇಲಿನ ಗುಂಡಿ ಹಾಕಿದೆ.

ಆದ್ರೆ ರೀಲ್ಸ್ ನೋಡಿ ಶುರು ಮಾಡಬೇಡಿ. ಕ್ಯಾನ್ಸರ್ ಮರಳಿಲ್ಲ ಅಂತ ಮೊದಲು ಡಾಕ್ಟರ್ ಹೇಳಬೇಕು. ಕೆಂಪಾಗಿ, ಬಿಸಿಯಾಗಿ, ಜ್ವರ ಬಂದ್ರೆ ಸೋಂಕಿರಬಹುದು, ಕೈ ಹಚ್ಚದೆ ಡಾಕ್ಟರ್ ಹತ್ತಿರ ಹೋಗಿ. ಊತ ಗಂಟಲ ಒಳಗೂ ಬರುತ್ತೆ. ಉಸಿರಾಟ ಕಷ್ಟವಾದ್ರೆ ಕಾಯಬೇಡಿ, ಅದು ಎಮರ್ಜೆನ್ಸಿ.

ಇದು ಪೂರ್ತಿ ಹೋಗಿಲ್ಲ. ಮೊನ್ನೆ ಮದುವೆಗೆ ಹೋಗಿ ಅಪ್ಪ ಎರಡು ದಿನ ತಪ್ಪಿಸಿದ್ರು, ಗದ್ದ ಮತ್ತೆ ಗಟ್ಟಿ. ಮನೆಗೆ ಬಂದವರು ಚಪ್ಪಲಿ ಬಿಡೋ ಮೊದಲೇ ನನಗೆ, 'ಕೈ ತೊಳ್ಕೊಂಡು ಬಾ' ಅಂದ್ರು.