ಎಳೆಯರಿಗಾಗಿ ಆಕಾಶದಿಂದ ಬಂದ ಪಾಠ

ಈ ಭಾಷಣ ಎಂದಿಗೆ ಮುಗಿದೀತೆಂದು ಮುಂದಿನ ಸಾಲಿನಲ್ಲಿ ಕಾದು ಕುಳಿತಿರುವ ಮಕ್ಕಳೇ,

ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಿ, ತೆಲುಗು ಕನ್ನಡಗಳೆರಡರಲ್ಲಿಯೂ ತತ್ತ್ವವನ್ನು ಹಾಡಿದ ಯೋಗಿನಾರೇಯಣರ ಈ ಕೈವಾರದಲ್ಲಿ ಶಿಶುಶಿಕ್ಷಣದ ದೂರದರ್ಶನವನ್ನು ಕುರಿತ ಪ್ರದರ್ಶನ ನಡೆಯುತ್ತಿರುವುದು ಉಚಿತವೇ ಆಗಿದೆ. ಯಾರ ಬಾಗಿಲಿಗೆ ಯಾವ ನುಡಿಯಲ್ಲಿ ಹೋಗಬೇಕೆಂಬುದೇ ದೂರದರ್ಶನದ ಆ ವಿದ್ಯೆಗೂ ಮೊದಲ ಪ್ರಶ್ನೆಯಾಗಿತ್ತು.

ದೆಹಲಿಯಲ್ಲಿ 1959ರಲ್ಲಿ ಹುಟ್ಟಿದ ದೂರದರ್ಶನವು 1961ರಲ್ಲಿ ಶಾಲೆಗಳನ್ನು ಹೊಕ್ಕಿತು. 1969ರಲ್ಲಿ ಅಮೆರಿಕೆಯ ‘ಸೆಸಮಿ ಸ್ಟ್ರೀಟ್’ ಶಾಲೆಯ ಮೆಟ್ಟಿಲನ್ನೇ ಹತ್ತದ ಹಸುಳೆಗಳಿಗೆ ಗೊಂಬೆಗಳ ಮೂಲಕ ಅಕ್ಷರವನ್ನೂ ಅಂಕಿಯನ್ನೂ ಕಲಿಸತೊಡಗಿತು. ಆದರೆ ನನ್ನನ್ನು ಹೆಚ್ಚು ಬೆರಗುಗೊಳಿಸುವುದು ನಮ್ಮ ನಾಡಿನಲ್ಲಿಯೇ ನಡೆದ ಸಾಹಸ. 1975ರ ಆಗಸ್ಟ್ 1ರಿಂದ ಒಂದು ವರ್ಷಕಾಲ, ಅಮೆರಿಕೆಯಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ಚಿತ್ರವೂ ಧ್ವನಿಯೂ ನೇರವಾಗಿ ಇಳಿದುಬಂದವು. ಕರ್ನಾಟಕದಲ್ಲಿ ಆ ಭಾಗ್ಯ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳದು. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ನಮ್ಮ ಈ ಸೀಮೆಯದಲ್ಲ. ಅಸೂಯೆಪಡಬಹುದು, ತಪ್ಪಿಲ್ಲ!

ಕೋಳಿಗೂಡಿಗೆ ಹೊದಿಸುವಂಥ ತಂತಿಯ ಜಾಲರಿಯನ್ನು ಬಾಗಿಸಿ ಮಾಡಿದ, ಮೂರು ಮೀಟರ್ ಅಗಲದ ಆ್ಯಂಟೆನಾ ಬಯಲಿನಲ್ಲಿ ನಿಂತಿರುತ್ತಿತ್ತು. ವಿದ್ಯುತ್ತು ಕಾಣದ ಕೆಲವು ಊರುಗಳಲ್ಲಿ ಬ್ಯಾಟರಿಯೇ ಗತಿ. ಮುಂಜಾನೆಯ ಒಂದೂವರೆ ಗಂಟೆ ಐದರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ ಮೀಸಲು. ಅದನ್ನೂ ಹಿಂದಿ, ಒಡಿಯ, ತೆಲುಗು, ಕನ್ನಡಗಳಿಗೆ ಹಂಚಬೇಕಾದುದರಿಂದ ನಮ್ಮ ಮಕ್ಕಳ ಪಾಲಿಗೆ ಉಳಿದದ್ದು ಇಪ್ಪತ್ತೆರಡು ನಿಮಿಷದಷ್ಟು. ಅಷ್ಟು ಅಲ್ಪಕಾಲವಾದರೂ ಅದು ಮಗುವಿನ ಸ್ವಂತ ನುಡಿಯಲ್ಲಿತ್ತು ಎಂಬುದೇ ನನಗೆ ಉಪಗ್ರಹಕ್ಕಿಂತ ದೊಡ್ಡ ಸಾಧನೆಯಾಗಿ ತೋರುತ್ತದೆ. ಪೆಟ್ಟಿಗೆಯೊಂದೇ ಸಾಲದೆಂದೂ ಆ ಯೋಜಕರು ಬಲ್ಲವರಾಗಿದ್ದರು. ಶಾಲೆಗೆ ರಜೆಯಿದ್ದಾಗ ಸಹಸ್ರಾರು ಪ್ರಾಥಮಿಕ ಶಾಲಾ ಅಧ್ಯಾಪಕರಿಗೆ ಅದೇ ದೂರದರ್ಶನದ ಮೂಲಕ ವಿಜ್ಞಾನಬೋಧನೆಯ ತರಬೇತಿಯನ್ನಿತ್ತರು.

1976ರ ಜುಲೈ 31ಕ್ಕೆ ಅವಧಿ ತೀರಿತು. ಉಪಗ್ರಹ ಹಿಂದಿರುಗಿತು, ಹಳ್ಳಿಯ ಪರದೆಗಳು ಕಪ್ಪಾದವು. ಮುಂದೆ 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಬಂದಿತು, ಚಾಮರಾಜನಗರದ ಶಾಲೆಗಳು ಅದರ ಪಾಠ ಕಂಡವು. 2009ರಲ್ಲಿ ‘ಚಿಂಟು’ ಎಂಬ ಕನ್ನಡ ಮಕ್ಕಳ ವಾಹಿನಿಯೂ ಬಂದಿತು, ಆದರೆ ಅದರ ವ್ಯಂಗ್ಯಚಿತ್ರಗಳಲ್ಲಿ ಬಹುಪಾಲು ಹೊರಗಿನಿಂದ ತಂದು ಕನ್ನಡದ ಮಾತು ತೊಡಿಸಿದವು. ಇಂದು ಕೈಯ ಮೊಬೈಲಿನಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಚಿತ್ರ ಓಡುತ್ತದೆ, ನೋಡಿ ಮುಗಿದೊಡನೆ “ಏನು ಕಂಡೆಯಪ್ಪ?” ಎಂದು ಕೇಳುವ ಮೇಷ್ಟರೋ ಅಜ್ಜಿಯೋ ಪಕ್ಕದಲ್ಲಿರುವುದು ಮಾತ್ರ ಅಪರೂಪ.

ಒಳಗೆ ಆ ಜಾಲರಿಯ ಆ್ಯಂಟೆನಾದ ಮಾದರಿಯೊಂದಿದೆ. “ಮುಟ್ಟಬೇಡಿ” ಎಂಬ ಹಲಗೆಯನ್ನು ದಯವಿಟ್ಟು ಕಾರ್ಯಕರ್ತರು ಈಗಲೇ ತೆಗೆಯಬೇಕು. ಪ್ರದರ್ಶನವನ್ನು ಉದ್ಘಾಟಿಸಿದ್ದೇನೆ. ಮೊದಲು ಮಕ್ಕಳು ಹೋಗಲಿ, ವೇದಿಕೆಯವರು ಆಮೇಲೆ ಬರೋಣ.