ರಬ್ಬರ್ ಹಗ್ಗದ ಮೇಲೆ ಇಳಿಯೋ ವಿಮಾನ

ಬೈಕ್ ಕ್ಯಾರಿಯರ್‌ಗೆ ಬ್ಯಾಗ್ ಕಟ್ಟೋಕೆ ಹಳೇ ಟ್ಯೂಬ್‌ನ ರಬ್ಬರ್ ಪಟ್ಟಿ ಬಳಸ್ತೀವಲ್ಲ? ಹೆಚ್ಚೂಕಮ್ಮಿ ಅಂಥದ್ದೇ ರಬ್ಬರ್ ನಂಬಿ ನೆಲಕ್ಕಿಳಿಯೋ ವಿಮಾನಗಳಿವೆ. ಇವತ್ತಿನ ಮಾತು ಅದರ ಬಗ್ಗೆ.

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಚೆರ್ರಿ ಗ್ರೋವ್ ಅನ್ನೋ ಪುಟ್ಟ ಊರಿದೆ. ಅಲ್ಲಿನ ಬರ್ನಾರ್ಡ್ ಪೀಟನ್‌ಪೋಲ್ 1929ರ ಹೊತ್ತಿಗೆ ಫೋರ್ಡ್ ಕಾರಿನ ಎಂಜಿನ್ ಹಾಕಿ, ಮರ, ಬಟ್ಟೆಯ ಎರಡು ಸೀಟಿನ ವಿಮಾನ ಹಾರಿಸಿದರು. ಹೆಸರು ಏರ್ ಕ್ಯಾಂಪರ್. ಅದರ ನಕ್ಷೆ ಇಟ್ಕೊಂಡು ಜನ ಇವತ್ತಿಗೂ ಮನೆಯಲ್ಲೇ ವಿಮಾನ ಕಟ್ತಾರೆ. ಅವರಲ್ಲಿ ಹಲವರು ಚಕ್ರದ ಆಕ್ಸಲ್ ಅನ್ನು ವಿಮಾನದ ಕಾಲುಗಳಿಗೆ ಸುತ್ತೋದು ಬಂಜಿ ಹಗ್ಗದಲ್ಲಿ. ಒಳಗೆ ರಬ್ಬರ್ ಎಳೆಗಳ ಕಟ್ಟು, ಹೊರಗೆ ಹೆಣೆದ ಬಟ್ಟೆಯ ಹೊದಿಕೆ, ಅಷ್ಟೇ.

ಅಷ್ಟು ಸಾಕಾ? ಲೆಕ್ಕ ಹಾಕೋಣ. 500 ಕೆ.ಜಿ. ವಿಮಾನ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಕೆಳಕ್ಕೆ ಬಂತು ಅಂದುಕೊಳ್ಳಿ. ಅದರಲ್ಲಿರೋ ಶಕ್ತಿ 1000 ಜೂಲ್. ಅದು 2 ಸೆಂಟಿಮೀಟರಲ್ಲಿ ನಿಲ್ಲಬೇಕಾದರೆ ಸರಾಸರಿ ಸುಮಾರು 5 ಟನ್ ತೂಕದಷ್ಟು ಹೊಡೆತ. 20 ಸೆಂಟಿಮೀಟರಲ್ಲಿ ನಿಂತರೆ ಹತ್ತರಲ್ಲಿ ಒಂದು ಪಾಲು. ಆ ಜಾಗ ಕೊಡೋದೇ ಬಂಜಿ. ಜೊತೆಗೆ ರಬ್ಬರ್ ಸ್ವಲ್ಪ ಶಕ್ತಿಯನ್ನು ಬಿಸಿಯಾಗಿ ನುಂಗುತ್ತೆ. ಹಾಗಾಗಿ ಉಕ್ಕಿನ ಸ್ಪ್ರಿಂಗ್‌ನಷ್ಟು ಪುಟಿಯಲ್ಲ.

ಕಟ್ಟೋದು ಹೇಗೆ? ಮೊದಲು ವಿಮಾನವನ್ನು ಎತ್ತಿ ಭದ್ರವಾಗಿ ನಿಲ್ಲಿಸಬೇಕು, ಚಕ್ರದ ಮೇಲೆ ಭಾರ ಇರಬಾರದು. ಕಣ್ಣಿಗೆ ಕನ್ನಡಕ ಬೇಕೇಬೇಕು, ಎಳೆದ ಹಗ್ಗ ಕೈಜಾರಿದರೆ ಚಾಟಿ ಥರ ಹೊಡೆಯುತ್ತೆ. ಎರಡೂ ಕಡೆ ಅಷ್ಟೇ ಸುತ್ತು, ಅಷ್ಟೇ ಬಿಗಿ. ಒಂದು ಕಡೆ ಸಡಿಲಾದರೆ ವಿಮಾನ ನಿಂತಲ್ಲೇ ವಾಲುತ್ತೆ. ಚೂಪು ಅಂಚಿಗೆ ಹಗ್ಗ ಉಜ್ಜಬಾರದು. ಸುಮ್ಮನೆ ನಿಂತಾಗಲೇ ಪೂರ್ತಿ ಹಿಗ್ಗಿದರೆ, ಗಟ್ಟಿ ಲ್ಯಾಂಡಿಂಗ್‌ಗೆ ಉಳಿಯೋದೇನು?

ಈಗ ಮುಖ್ಯ ವಿಷಯ. ರಬ್ಬರ್ ಹಾರಾಟದಿಂದ ಮಾತ್ರ ಸವೆಯಲ್ಲ; ಬಿಸಿಲು, ಎಣ್ಣೆ, ಪೆಟ್ರೋಲ್, ವಯಸ್ಸು ಎಲ್ಲವೂ ಅದನ್ನು ತಿನ್ನುತ್ತೆ. ಶೆಡ್ಡಲ್ಲೇ ನಿಂತ ವಿಮಾನದ ಹಗ್ಗಕ್ಕೂ ಮುಪ್ಪು ಬರುತ್ತೆ. ಅದಕ್ಕೇ ವಿಮಾನದ ಬಂಜಿಯ ಹೊದಿಕೆಯಲ್ಲಿ ಬಣ್ಣದ ದಾರ ಹೆಣೆದಿರ್ತಾರೆ. ಹಗ್ಗ ಯಾವ ವರ್ಷ, ಯಾವ ಮೂರು ತಿಂಗಳಲ್ಲಿ ತಯಾರಾಯ್ತು ಅಂತ ಆ ಬಣ್ಣವೇ ಹೇಳುತ್ತೆ. ಅಗ್ಗಕ್ಕೆ ಸಿಕ್ತು ಅಂತ ಹಳೇ ಹಗ್ಗ ತರೋ ಮುಂಚೆ ಅದನ್ನು ನೋಡಿ.

ಇನ್ನೊಂದು, ಬಂಜಿ ಜೊತೆಗೆ ಸ್ವಲ್ಪ ಸಡಿಲವಾಗಿ ಒಂದು ಉಕ್ಕಿನ ಕೇಬಲ್. ದಿನಾ ಅದಕ್ಕೆ ಕೆಲಸವೇ ಇಲ್ಲ. ಬಂಜಿ ಹರಿದ ದಿನ ಆಕ್ಸಲ್ ಕಿತ್ತುಕೊಂಡು ಹೋಗದ ಹಾಗೆ, ರೆಕ್ಕೆ ನೆಲಕ್ಕೆ ಬಡಿಯದ ಹಾಗೆ ತಡೆಯೋಕೆ ಇರೋದು ಅದೊಂದೇ.

ಚೆನ್ನಾಗಿ ಕಟ್ಟಿದೀನಿ, ಹರಿಯಲ್ಲ ಅಂದುಕೊಳ್ಳೋದು ಸುಲಭ. ಇದು ಒಂದಿನ ಹರಿಯುತ್ತೆ ಅಂತ ಒಪ್ಪಿಕೊಂಡು ಕಟ್ಟಿದವರ ವಿಮಾನದಲ್ಲಿ ಕೂರೋಕೆ ನಾನು ರೆಡಿ. ನೀವು? ಮತ್ತೆ ಸಿಗೋಣ.